ನಿನಗೆ ಗೊತ್ತಿತ್ತಾ?

ಕಳೆದ ಯುಗಾದಿಗೆ ತಂಗಿ ತನ್ನ ಮಗನನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಿದ್ದಳು. ಹುಡುಗನಿಗೆ ಎರಡು ವರ್ಷ ತುಂಬಿತ್ತಷ್ಟೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಲೋಕ ಹೇಗಿದೆ ಎಂದು ನೋಡುವ ವಯಸ್ಸು. ನಾವೆಲ್ಲ ಒಳಗೆ ಒಬ್ಬಟ್ಟಿನ ಗಡಿಬಿಡಿಯಲ್ಲಿದ್ದಾಗ ಅವನು ವರಾಂಡದ ಕುಂಡದಲ್ಲಿದ್ದ ಡೈಫನ್‌ಬೇಕಿಯಾ ಗಿಡದ ಎಲೆಯನ್ನು ಕಚ್ಚಿದ. ಮೊದಲು ಜೋರಾಗಿ ಅತ್ತ, ಆಮೇಲೆ ಅಳುವೂ ಸರಿಯಾಗಿ ಹೊರಡಲಿಲ್ಲ. ತುಟಿ, ನಾಲಗೆ ಊದಿಕೊಂಡು ಜೊಲ್ಲು ಸುರಿಯತೊಡಗಿತು. ಆಸ್ಪತ್ರೆಯಲ್ಲಿ ಬಾಯಿ ಒರೆಸಿ ತೊಳೆದು, ತಣ್ಣನೆಯ ಹಾಲು ಕುಡಿಸಿ, ಉಸಿರಾಟವನ್ನು ಗಮನಿಸುತ್ತ ಮೂರು ಗಂಟೆ ಇರಿಸಿಕೊಂಡರು. ಸಂಜೆಗೆ ಊತ ಇಳಿಯಿತು, ರಾತ್ರಿ ಮೊಸರನ್ನ ತಿಂದು ಮಲಗಿದ.

ಅವನು ಮಲಗಿದ ಮೇಲೆ ತಂಗಿ ಕೇಳಿದಳು: "ಅಣ್ಣಾ, ಆ ಗಿಡ ವಿಷ ಅಂತ ನಿನಗೆ ಗೊತ್ತಿತ್ತಾ?"

ಗೊತ್ತಿತ್ತು. ನರ್ಸರಿಯಿಂದ ತಂದ ಕೆಲವು ತಿಂಗಳಿಗೇ ಎಲ್ಲೋ ಓದಿದ್ದೆ. ಓದಿ, ಹೌದಾ ಎಂದುಕೊಂಡು, ಮರುದಿನ ಎಂದಿನಂತೆ ಅದಕ್ಕೆ ನೀರು ಹಾಕಿದ್ದೆ. ಮಗು ಬರುತ್ತದೆ ಎಂದು ತಿಳಿದಾಗ ಒಮ್ಮೆ ನೆನಪಾದದ್ದೂ ನಿಜ. ಹಬ್ಬಕ್ಕೆ ಬಂದವರ ಮುಂದೆ ವಿಷದ ಮಾತೇಕೆ ಎಂದು ಸುಮ್ಮನಾದೆ. ಇನ್ನೂ ಪ್ರಾಮಾಣಿಕವಾಗಿ ಹೇಳುವುದಾದರೆ ಕುಂಡ ಭಾರವಾಗಿತ್ತು, ಎತ್ತಿಡಲು ಸೋಮಾರಿತನವಾಯಿತು. ತಂಗಿಗೆ ನಾನು ಉತ್ತರ ಕೊಡಲಿಲ್ಲ. ಅವಳೂ ಎರಡನೇ ಸಲ ಕೇಳಲಿಲ್ಲ. ಆ ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿದುಕೊಂಡಿದೆ.

ಆ ಗಿಡದ ಮೂಲ ಅಮೆರಿಕ ಖಂಡದ ಉಷ್ಣವಲಯ. ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ತೋಟಗಾರ ಜೋಸೆಫ್ ಡೈಫನ್‌ಬಾಖ್‌ನ ಗೌರವಾರ್ಥ ಇಟ್ಟ ಹೆಸರು ಅದರದು. ಕಾಂಡ, ಎಲೆಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಕಟ್ಟುಕಟ್ಟಾಗಿರುತ್ತವೆ. ಕಚ್ಚಿದ ಕೂಡಲೇ ಅವು ಚಿಮ್ಮಿ ಬಾಯಿಯ ಒಳಪದರಕ್ಕೆ ನಾಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಮೂಕಜಲ್ಲೆ ಎಂಬರ್ಥದ ಹೆಸರಿದೆ. ವೆಸ್ಟ್ ಇಂಡೀಸಿನಲ್ಲಿ ಗುಲಾಮರನ್ನು ಶಿಕ್ಷಿಸಲು ಇದನ್ನು ಅವರ ಬಾಯಿಗೆ ಉಜ್ಜುತ್ತಿದ್ದರು ಎಂಬ ಬರಹಗಳಿವೆ. ನಮ್ಮ ಕೆಸುವಿನಲ್ಲಿ, ಸುವರ್ಣಗಡ್ಡೆಯಲ್ಲಿ ತುರಿಕೆ ಹುಟ್ಟಿಸುವುದೂ ಇದೇ ಜಾತಿಯ ಹರಳು. ಆದರೆ ಕೆಸುವನ್ನು ಚೆನ್ನಾಗಿ ಬೇಯಿಸಬೇಕು, ಹುಣಸೆಹುಳಿ ಹಾಕಬೇಕು ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಕೆಸು ಬಂದಾಗ ಅದರ ಜೊತೆಗೆ ಒಂದು ಮಾತೂ ಬಂದಿತ್ತು. ಡೈಫನ್‌ಬೇಕಿಯಾ ಬಂದಾಗ ಕುಂಡ ಬಂತು, ಬೆಲೆಯ ಚೀಟಿ ಬಂತು, ಮಾತು ಬರಲಿಲ್ಲ. ಆಮೇಲೆ ಆ ಮಾತು ನನಗೆ ಸಿಕ್ಕಿತು, ನಾನು ಅದನ್ನು ನನ್ನಲ್ಲೇ ಇಟ್ಟುಕೊಂಡೆ.

ಮಾರನೇ ವಾರ ಶಿಡ್ಲಘಟ್ಟದ ಕಡೆಯ ನಮ್ಮ ಊರಿಗೆ ಹೋದೆ. ತಪ್ಪು ಮಾಡಿದವನಿಗೆ ಏನನ್ನಾದರೂ ಕಡಿದುಹಾಕುವ ಹುಮ್ಮಸ್ಸು ಬರುತ್ತದೆ. ಹಿತ್ತಲಲ್ಲಿ ಅಜ್ಜಿ ನೆಟ್ಟ ಕಣಗಿಲೆ ಇದೆ. ಎಲೆ, ಹೂವು, ತೊಗಟೆ, ಬೇರು ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುವಂಥದ್ದು. ಮಚ್ಚು ಹಿಡಿದು ಹೋದವನನ್ನು ಅಮ್ಮ ತಡೆದಳು.

"ಕಡಿದು ಎಲ್ಲಿ ಹಾಕ್ತೀಯಾ?"

"ತಿಪ್ಪೆಗೆ."

"ಹಸೀದಾದ್ರೆ ಹಸು ಮೂಸಿ ಬಿಡುತ್ತೆ. ಬಾಡಿ ಒಣಗಿ ಮೇವಿನ ಜೊತೆ ಸೇರ್ಕೊಂಡ್ರೆ ಅದಕ್ಕೂ ಗುರುತು ಸಿಗಲ್ಲ. ಅಷ್ಟು ವರ್ಷ ನಿಂತಿದ್ದು ಯಾರಿಗೂ ಏನೂ ಮಾಡಿಲ್ಲ. ನೀನು ಕಡಿದ ಮೇಲೆ ಮಾಡುತ್ತೆ."

ಅಮ್ಮನ ಮಾತು ಸರಿಯಾಗಿತ್ತು. ಕಣಗಿಲೆ ಒಣಗಿದರೂ ವಿಷ ಹೋಗುವುದಿಲ್ಲ. ಕತ್ತರಿಸಿ ಎಸೆದ ಸೊಪ್ಪು ಮೇವಿಗೆ ಬೆರೆತು ದನಕರು ಸಾಯುವುದು ಪಶುವೈದ್ಯರಿಗೆ ಗೊತ್ತಿರುವ ಸಂಗತಿ. ಮಚ್ಚನ್ನು ಕೆಳಗಿಟ್ಟು ಹಿತ್ತಲನ್ನು ಒಮ್ಮೆ ಸುತ್ತು ಹಾಕಿದೆ. ನನ್ನ ತೀರ್ಮಾನವನ್ನು ಪೂರ್ತಿ ಜಾರಿಗೆ ತಂದರೆ ಏನೇನು ಹೋಗಬೇಕು ಎಂದು ಲೆಕ್ಕ ಹಾಕಿದೆ. ಬೇಲಿಯ ಎಕ್ಕ ಹೋಗಬೇಕು, ಅದರ ಹಾಲು ಕಣ್ಣಿಗೆ ಬಿದ್ದರೆ ಕಷ್ಟ. ಉಮ್ಮತ್ತಿ ಹೋಗಬೇಕು. ಬೇಲಿಗೆ ಹಬ್ಬಿದ ಗುಲಗಂಜಿ ಹೋಗಬೇಕು, ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಚೆಂದದ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಹೊಲದ ಅಂಚಿನ ಹರಳು ಗಿಡ ಹೋಗಬೇಕು. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯಾದ ಬರಹಗಾರ ಗಿಯೋರ್ಗಿ ಮಾರ್ಕೋವ್ ಅವರನ್ನು ಕೊಂದದ್ದು ಹರಳುಬೀಜದ ರೈಸಿನ್ ಎಂದೇ ನಂಬಲಾಗಿದೆ. ಅದೇ ಬೀಜದ ಎಣ್ಣೆಯನ್ನು ನಮ್ಮಜ್ಜಿ ನನ್ನ ನೆತ್ತಿಗೆ ತಟ್ಟಿ ಎರೆದಿದ್ದಾಳೆ. ಅಜ್ಜಿಗೆ ರೈಸಿನ್ ಗೊತ್ತಿರಲಿಲ್ಲ. ಆ ವಿಷ ಎಣ್ಣೆಯಲ್ಲಿ ಕರಗದು, ಹಿಂಡಿಯಲ್ಲೇ ಉಳಿಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಆದರೆ ಬೀಜವನ್ನು ಮಕ್ಕಳ ಕೈಗೆ ಕೊಡಬಾರದು, ಹಿಂಡಿಯನ್ನು ದನಕ್ಕೆ ಹಾಕದೆ ಹೊಲಕ್ಕೆ ಹಾಕಬೇಕು ಎಂಬುದು ಗೊತ್ತಿತ್ತು. ಅಷ್ಟು ಸಾಕಾಗಿತ್ತು.

ಪಟ್ಟಿ ಅಲ್ಲಿಗೂ ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಆಲೂಗಡ್ಡೆ ಬಿಸಿಲಿಗೆ ಬಿದ್ದು ಹಸಿರಾದರೆ ಅದರಲ್ಲಿ ಸೊಲನಿನ್ ಹೆಚ್ಚುತ್ತದೆ. ಚಿಂತಾಮಣಿಯ ಮಾರುಕಟ್ಟೆಗೆ ರಾಶಿ ರಾಶಿ ಬರುವ ಟೊಮೆಟೊದ ಎಲೆ ಊಟಕ್ಕಲ್ಲ. ಇನ್ನು ಬಾಗಿಲ ಪಕ್ಕದ ಕಾಶಿ ಕಣಗಿಲೆ. ಐದು ಎಸಳಿನ ಆ ಸಣ್ಣ ಗಿಡವೂ ತಿಂದರೆ ವಿಷವೇ. ಅದರಿಂದ ತೆಗೆದ ವಿನ್‌ಕ್ರಿಸ್ಟಿನ್ ಎಂಬ ಮದ್ದು ರಕ್ತದ ಕ್ಯಾನ್ಸರಾದ ಎಷ್ಟೋ ಮಕ್ಕಳನ್ನು ಉಳಿಸಿದೆ. ಒಂದು ಮಗುವಿನ ಹೆಸರಿನಲ್ಲಿ ಅದನ್ನು ಕೀಳಹೊರಟ ನನಗೆ ನಾಚಿಕೆಯಾಯಿತು.

ಪ್ರಮಾಣವೇ ವಿಷವನ್ನು ವಿಷವಾಗಿಸುತ್ತದೆ ಎಂದು 16ನೇ ಶತಮಾನದಲ್ಲೇ ಪ್ಯಾರಾಸೆಲ್ಸಸ್ ಎಂಬ ವೈದ್ಯ ಹೇಳಿದ್ದ. ನಮ್ಮ ಭಾಷೆಗೆ ಇದು ಹೊಸದಲ್ಲ. ಮದ್ದು ಎಂದರೆ ರೋಗ ವಾಸಿಮಾಡುವುದೂ ಹೌದು, ಆಗದವರಿಗೆ ಗುಟ್ಟಾಗಿ ಹಾಕುವುದೂ ಹೌದು. ಆದರೆ ರೇಷ್ಮೆ ಮನೆಯಲ್ಲಿ ಬೆಳೆದ ನನಗೆ ಪ್ರಮಾಣದ ಮಾತು ಅರ್ಧ ಮಾತಾಗಿ ಕಾಣುತ್ತದೆ. ಹಿಪ್ಪುನೇರಳೆ ಸೊಪ್ಪಿಗಿಂತ ಸಾಧುವಾದದ್ದು ಇಲ್ಲ ಎಂದು ಬಹಳ ಕಾಲ ತಿಳಿದಿದ್ದೆ. 2006ರಲ್ಲಿ ಜಪಾನಿನ ವಿಜ್ಞಾನಿಗಳು ಬೇರೆಯದನ್ನೇ ತೋರಿಸಿದರು. ಆ ಎಲೆಯ ಹಾಲಿನಲ್ಲಿ ಸಕ್ಕರೆಯ ವೇಷ ಹಾಕಿದ ಆಲ್ಕಲಾಯ್ಡುಗಳಿದ್ದು, ಬೇರೆ ಹುಳುಗಳಿಗೆ ಅವು ವಿಷ. ಅಸ್ಸಾಮಿನಲ್ಲಿ ಹರಳೆಲೆ ತಿಂದು ಸುಖವಾಗಿ ಬೆಳೆಯುವ ಎರಿ ರೇಷ್ಮೆಹುಳು ಹಿಪ್ಪುನೇರಳೆ ತಿಂದರೆ ಬದುಕದು. ನಮ್ಮ ಹುಳುವಿಗೆ ಮಾತ್ರ ಅದು ಅನ್ನ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನಡೆಯುವುದು ಹೀಗೆ ಒಂದು ವಿಷವನ್ನು ಅರಗಿಸಿಕೊಂಡ ಹುಳುವಿನ ಮೇಲೆ. ಹಾಗಾಗಿ ಎಷ್ಟು ಎಂದು ಕೇಳಿದರೆ ಸಾಲದು, ಯಾರಿಗೆ ಎಂದೂ ಕೇಳಬೇಕು. ಓಡಿಹೋಗಲಾಗದ ಗಿಡ ನಿಂತಲ್ಲೇ ತನ್ನನ್ನು ಕಾಯ್ದುಕೊಳ್ಳುತ್ತದೆ. ಅದರಲ್ಲಿ ಕೇಡಿನ ಉದ್ದೇಶವೇನೂ ಇಲ್ಲ, ನಮ್ಮ ಮಗುವನ್ನು ಅದು ಹುಡುಕಿಕೊಂಡು ಬಂದದ್ದಲ್ಲ. ಕುಂಡದಲ್ಲಿಟ್ಟು, ಮಗುವಿನ ಕೈಗೆಟುಕುವ ಎತ್ತರಕ್ಕೆ ತಂದವನು ನಾನು.

ಇಲ್ಲಿ ಹಳೆಯದೊಂದು ಘಟನೆ ನೆನಪಾಗುತ್ತದೆ. ನಾನು ಎಂಟನೇ ತರಗತಿಯಲ್ಲಿದ್ದೆ. ಹುಳು ನಾಲ್ಕನೇ ಜ್ವರ ಎದ್ದು, ಮಳೆ ಸುರಿದಂತೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿತ್ತು. ಇನ್ನು ವಾರದೊಳಗೆ ಚಂದ್ರಿಕೆಗೆ ಬಿಡಬೇಕು. ಹುಳುಮನೆಯ ಕಟ್ಟಳೆ ದೇವರಮನೆಯದಕ್ಕಿಂತ ಬಿಗಿ. ಹೊಗೆಸೊಪ್ಪು ಹಾಕಿಕೊಂಡವರು ಒಳಗೆ ಬರುವಂತಿಲ್ಲ, ಏಕೆಂದರೆ ಹುಳುವಿಗೆ ನಿಕೋಟಿನ್ ಆಗದು. ಒಂದು ಬೆಳಿಗ್ಗೆ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಹುಳುಗಳು ತಲೆ ಒದರತೊಡಗಿದವು, ಹಸಿರು ರಸ ಕಕ್ಕಿದವು, ಮುದುಡಿಕೊಂಡವು. ಪಕ್ಕದ ದ್ರಾಕ್ಷಿ ತೋಟಕ್ಕೆ ಹಿಂದಿನ ಸಂಜೆ ಔಷಧಿ ಹೊಡೆದಿದ್ದರು, ಗಾಳಿ ನಮ್ಮ ಕಡೆಗಿತ್ತು. ದ್ರಾಕ್ಷಿಗೆ ಔಷಧಿಯಾದದ್ದು ನಮ್ಮ ಸೊಪ್ಪಿನ ಮೇಲೆ ವಿಷವಾಗಿ ಕೂತಿತ್ತು. ಆ ಬೆಳೆಯೆಲ್ಲ ಗುಂಡಿಗೆ ಹೋಯಿತು. ಸಾಲ ಮಾಡಿ ತಂದ ಮೊಟ್ಟೆ ಅದು.

ಅಪ್ಪ ಜಗಳಕ್ಕೆ ಹೋಗುತ್ತಾನೆ ಎಂದುಕೊಂಡು ನಾನೂ ಹಿಂದೆ ಹೋದೆ. ಅವನು ಕೇಳಿದ್ದು ಇಷ್ಟೇ: "ಒಂದು ಮಾತು ಹೇಳಬಾರದಿತ್ತಾ? ಸಂಜೆ ಸೊಪ್ಪು ಕೊಯ್ದಿಟ್ಟುಕೊಳ್ತಿದ್ದೆ." ಆತ ಮೊದಲು, ನನ್ನ ತೋಟಕ್ಕೆ ನಾನು ಹೊಡೆದುಕೊಂಡೆ ಎಂದ. ಸ್ವಲ್ಪ ಹೊತ್ತಾದ ಮೇಲೆ ತಲೆ ತಗ್ಗಿಸಿದ. ಅವನೇನೂ ಕೆಟ್ಟವನಲ್ಲ, ದ್ರಾಕ್ಷಿಗೆ ರೋಗ ಬಿದ್ದಿತ್ತು, ಅವನಿಗೂ ಸಾಲವಿತ್ತು. ಆಮೇಲೆ ಎಷ್ಟೋ ವರ್ಷ ಔಷಧಿ ಹೊಡೆಯುವ ಹಿಂದಿನ ದಿನ ಆತ ನಮ್ಮ ಜಗಲಿಗೆ ಬಂದು "ನಾಳೆ ಹೊಡೀತೀನಿ" ಎಂದು ಹೇಳಿ ಹೋಗುತ್ತಿದ್ದ. ಅವನ ಡ್ರಮ್ಮಿನಲ್ಲಿದ್ದ ವಿಷ ಮೊದಲಿನದೇ, ಗಾಳಿಯೂ ಮೊದಲಿನದೇ. ಬದಲಾದದ್ದು ಆ ಎರಡು ಪದ.

ನನ್ನ ಮನೆ, ನನ್ನ ವರಾಂಡ, ನನ್ನ ಗಿಡ ಎಂದು ತಂಗಿಯ ಮುಂದೆ ನಾನು ಹೇಳಲಿಲ್ಲ ನಿಜ. ಆದರೆ ಸುಮ್ಮನಿದ್ದಾಗ ನನ್ನೊಳಗೆ ನಡೆದದ್ದು ಅದೇ ವಾದ. ಕೆಟ್ಟದ್ದನ್ನು ಮಾಡುವುದು ತಪ್ಪು ಎಂದು ಎಲ್ಲರೂ ಒಪ್ಪುತ್ತೇವೆ. ತಿಳಿದದ್ದನ್ನು ಹೇಳದೆ ಇರುವುದನ್ನು ಮಾಡಿದ್ದೆಂದು ಲೆಕ್ಕಕ್ಕೆ ಹಿಡಿಯಲು ಮನಸ್ಸು ಒಪ್ಪುವುದಿಲ್ಲ. ನಾನೇನು ಮಾಡಿದೆ, ಎಲೆ ಕಿತ್ತು ಬಾಯಿಗಿಟ್ಟೆನೇ ಎನ್ನುತ್ತದೆ. ಅಪಾಯಕಾರಿಯಾದ ವಸ್ತುವನ್ನು ಮನೆಗೆ ತಂದವನ ಸಾಲದಲ್ಲಿ ಅದನ್ನು ಕುರಿತ ಮಾತೂ ಸೇರಿದೆ ಎಂದು ನನಗೀಗ ಅನಿಸುತ್ತದೆ. ಗಿಡದ ವಿಷ ಗಿಡದ್ದು. ಅದರ ತಿಳಿವಳಿಕೆ ನನ್ನದಾದ ಕ್ಷಣದಿಂದ ಬಾಕಿಯೂ ನನ್ನದು.

ಮಾತಿನಿಂದಲೇ ಎಲ್ಲ ಆಗುತ್ತದೆಯೇ ಎಂದು ನೀವು ಕೇಳಬಹುದು. ಎರಡು ವರ್ಷದ ಮಗುವಿಗೆ ಏನು ಹೇಳುತ್ತೀರಿ? ಕೇಳತಕ್ಕ ಪ್ರಶ್ನೆಯೇ. ಬೇಲಿಯ ಕಾಡುಹರಳಿನ ಬೀಜ ತಿಂದು ಶಾಲಾಮಕ್ಕಳು ಅಸ್ವಸ್ಥರಾದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೀಜ ಕಡಲೆಕಾಯಿಯಂತೆ ರುಚಿಯಾಗಿರುತ್ತದೆ, ಒಬ್ಬ ತಿಂದರೆ ಹತ್ತು ಮಂದಿ ತಿನ್ನುತ್ತಾರೆ. ಎಚ್ಚರಿಕೆ ಎಂದೂ ಎಲ್ಲರನ್ನೂ ತಲುಪುವುದಿಲ್ಲ. ಅದಕ್ಕೇ ಮಾತು ತಲುಪದ ಕಡೆ ಕೈ ತಲುಪಬೇಕು. ಅಂಗನವಾಡಿಯ ಬೇಲಿಗೆ ಕಾಡುಹರಳು ಬೇಡ. ತೊದಲುವ ಮಗು ಇರುವ ಮನೆಯಲ್ಲಿ ಕುಂಡ ಎತ್ತರದಲ್ಲಿರಬೇಕು, ಇಲ್ಲವೇ ಇರಬಾರದು. ಕೇಳಿ ತಿಳಿಯಬಲ್ಲವರಿಗೆ ಹೇಳುವುದು, ತಿಳಿಯಲಾರದವರ ಪರವಾಗಿ ಎತ್ತಿಡುವುದು, ಎರಡೂ ಒಂದೇ ಸಾಲದ ಕಂತುಗಳು. ಬೇರುಸಹಿತ ಕಿತ್ತುಹಾಕುವುದು ಮಾತ್ರ ಅನೇಕ ಸಲ ಸಾಲವನ್ನು ಬೇರೆಯವರ ತಿಪ್ಪೆಗೆ ದಾಟಿಸುವ ಉಪಾಯ.

ಅಮ್ಮ ಸೋಮವಾರಗಳಂದು ಅದೇ ಕಣಗಿಲೆಯ ಹೂ ಬಿಡಿಸಿ ಶಿವನಿಗೆ ಏರಿಸುತ್ತಾಳೆ. ನಂದಿಯ ಭೋಗನಂದೀಶ್ವರನ ಗುಡಿಗೆ ಹೋಗುವಾಗಲೂ ಒಯ್ಯುತ್ತಾಳೆ. ಕಣಗಿಲೆ, ಎಕ್ಕ, ಉಮ್ಮತ್ತಿ, ಹಿತ್ತಲಿನ ವಿಷಗಳೆಲ್ಲ ನಂಜುಂಡನ ಪಾಲಿಗೆ ಹೋದದ್ದು ಆಕಸ್ಮಿಕವಿರಲಾರದು ಎಂದು ನನಗೆ ಅನಿಸುತ್ತದೆ. ದೇವರ ಹೂವನ್ನು ಬಾಯಿಗಿಡಬಾರದು ಎಂದು ಗದರಿಸಿದ ಅಜ್ಜಿ ನಮಗೆ ಭಕ್ತಿಯನ್ನಷ್ಟೇ ಕಲಿಸುತ್ತಿರಲಿಲ್ಲ. ವಿಷವನ್ನು ಉಗುಳದೆ, ನುಂಗದೆ, ಗಂಟಲಲ್ಲಿ ಹಿಡಿದವನ ಕಥೆಯ ಜೊತೆಗೇ ಆ ಗಿಡ ನಮ್ಮ ಹಿತ್ತಲಲ್ಲಿ ಬೆಳೆದಿತ್ತು. ನನ್ನ ವರಾಂಡದ ಗಿಡಕ್ಕೆ ಕಥೆ ಇರಲಿಲ್ಲ. ಹೇಳಬೇಕಾದವನೂ ಹೇಳಲಿಲ್ಲ.

ಊರಿಂದ ಬಂದ ಮೇಲೆ ತಂಗಿಗೆ ಫೋನ್ ಮಾಡಿ, ಗೊತ್ತಿತ್ತು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಗೊತ್ತು ಅಂತ ಆವತ್ತೇ ಅನ್ನಿಸಿತು," ಎಂದಳು. ಆಮೇಲೆ ಮಗನ ಕೈಗೆ ಫೋನು ಕೊಟ್ಟಳು.

ಕುಂಡವನ್ನು ತಾರಸಿಗೆ ಸಾಗಿಸಿದ್ದೇನೆ. ಹೋದ ತಿಂಗಳು ಎದುರುಮನೆಯವರು, ಎಲೆ ಚೆನ್ನಾಗಿದೆ, ಒಂದು ತುಂಡು ಕೊಡಿ ಎಂದರು. ಕತ್ತರಿಸುವ ಮೊದಲು ಅದು ಏನೆಂದು ಹೇಳಿದೆ. "ನಮ್ಮ ಮನೇಲಿ ಸಣ್ಣ ಮಕ್ಕಳಿಲ್ಲವಲ್ಲ," ಎಂದರು. ಹಬ್ಬಕ್ಕೆ ಬರುತ್ತಾರೆ ಎಂದೆ. ಅವರು ಒಂದು ಗಳಿಗೆ ಯೋಚಿಸಿ, ಹಾಗಾದರೆ ಬೇಡ ಬಿಡಿ, ಆ ಕಾಶಿ ಕಣಗಿಲೆ ಕೊಡಿ ಎಂದು ಪಕ್ಕದ ಗಿಡವನ್ನು ತೋರಿಸಿದರು. ನಾನು ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದೆ.