ಅರಸನ ಮುಂದೆ ನಿಂತ ಪಾನಸೇವಕನು

ಧ್ಯಾನದ ಭಾಗ: ನೆಹೆಮೀಯ 1 ಮತ್ತು 2ನೇ ಅಧ್ಯಾಯಗಳು



ನಮ್ಮ ಸಭೆಗಳಲ್ಲಿ ಒಂದು ಸಂಗತಿಯನ್ನು ಬಹುಕಾಲದಿಂದ ನೋಡುತ್ತಾ ಬಂದಿದ್ದೇನೆ. ಕಣದಲ್ಲಿ ರಾಶಿ ಮಾಡುವಾಗಲೂ ನಲ್ಲಿಯ ಬಳಿಯಲ್ಲಿ ಕೊಡ ಇಟ್ಟು ಕಾಯುವಾಗಲೂ ತಡೆಯಿಲ್ಲದೆ ಮಾತಾಡುವವರು, ಸಭೆಯ ಹಿರಿಯರು ಪ್ರಾರ್ಥನೆ ಮಾಡಿರೆಂದು ಕೇಳಿದ ಕೂಡಲೇ ತಲೆ ತಗ್ಗಿಸಿಬಿಡುತ್ತಾರೆ. ಗ್ರಾಮಸಭೆಯಲ್ಲಿ ತಮ್ಮ ಕೇರಿಯ ಚರಂಡಿಯ ಮಾತು ಬಂದಾಗ ಗೋಡೆಗೆ ಒರಗಿ ಸುಮ್ಮನೆ ನಿಲ್ಲುತ್ತಾರೆ. ಮನೆಗೆ ಬಂದ ಮೇಲೆ ಹೆಂಡತಿಯ ಮುಂದೆ ಎಲ್ಲವನ್ನೂ ಚೆನ್ನಾಗಿ ವಿವರಿಸುತ್ತಾರೆ. ಯಾಕೆ ಮಾತಾಡಲಿಲ್ಲವೆಂದು ವಿಚಾರಿಸಿದರೆ, ಮಾತು ಬೆಳ್ಳಿ ಮೌನ ಬಂಗಾರ ಎಂಬ ಗಾದೆಯನ್ನು ಹೇಳುವರು. ಗಾದೆಯೇನೋ ಒಳ್ಳೇದೇ. ಆದರೆ ಭಯದಿಂದ ಹುಟ್ಟಿದ ಮೌನವನ್ನು ಬಂಗಾರವೆಂದು ಕರೆಯುವದು ನ್ಯಾಯವಲ್ಲ. ಅಂಥಾ ಮೌನದ ಬೆಲೆಯನ್ನು ಅನೇಕ ಸಾರಿ ನಮ್ಮ ಮಕ್ಕಳೂ ನೆರೆಯವರೂ ತೆರಬೇಕಾಗುತ್ತದೆ.

ಭಯವು ಹೋದ ಮೇಲೆ ಮಾತಾಡೋಣ ಎಂದು ನಾವು ಕಾಯುತ್ತೇವೆ. ನೆಹೆಮೀಯನು ಹಾಗೆ ಕಾಯಲಿಲ್ಲ. ಅವನು ಪಾರಸಿಯ ಅರಸನಾದ ಅರ್ತಷಸ್ತನ ಪಾನಸೇವಕನು. ಶೂಷನ್ ಕೋಟೆಯಲ್ಲಿ ವಾಸವಾಗಿದ್ದನು. ಅರಸನ ಆಳಿಕೆಯ 20ನೇ ವರುಷ, ಅಂದರೆ ಚರಿತ್ರಗಾರರು ಎಣಿಸುವ ಪ್ರಕಾರ ಕ್ರಿ.ಪೂ. 445ರಲ್ಲಿ, ಅವನು ಅರಸನ ಮುಂದೆ ದ್ರಾಕ್ಷಾರಸವನ್ನು ಹಿಡಿದು ನಿಂತಿದ್ದಾಗ, ನಿನ್ನ ಮುಖವು ಯಾಕೆ ಬಾಡಿದೆ ಎಂದು ಅರಸನು ಕೇಳಿದನು. ಆಗ ತನಗೆ ಬಹಳ ಭಯವಾಯಿತೆಂದು ಅವನೇ ಬರೆದಿಟ್ಟಿದ್ದಾನೆ. ಅರಸನ ಸನ್ನಿಧಿಯಲ್ಲಿ ಸೇವಕನು ಮುಖ ಬಾಡಿಸಿಕೊಂಡು ನಿಲ್ಲುವದು ಅಪಾಯದ ಸಂಗತಿ. ಭಯಪಟ್ಟವನೇ ಬಾಯಿ ತೆರೆದನು. ಭಯವೂ ಮಾತೂ ಒಂದೇ ಗಳಿಗೆಯಲ್ಲಿ ಅವನೊಳಗೆ ಇದ್ದವು.

ಹಾಗಾದರೆ ಅವನಿಗೆ ಆ ಮಾತು ಎಲ್ಲಿಂದ ಬಂತು? ಒಂದನೇ ಅಧ್ಯಾಯವನ್ನು ನೋಡಿರಿ. ಯೆಹೂದದಿಂದ ಹನಾನೀಯೂ ಬೇರೆ ಕೆಲವರೂ ಬಂದಾಗ, ಅಲ್ಲಿ ಉಳಿದ ಜನರ ವಿಷಯವಾಗಿಯೂ ಯೆರೂಸಲೇಮಿನ ವಿಷಯವಾಗಿಯೂ ನೆಹೆಮೀಯನು ಮೊದಲು ಅವರನ್ನು ವಿಚಾರಿಸಿದನು. ಚೆನ್ನಾಗಿ ಮಾತಾಡುವವನ ಕೆಲಸವು ಕಿವಿಯಿಂದಲೇ ಆರಂಭವಾಗುವದು. ಆ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ; ಅರಸನು ಪ್ರಶ್ನೆ ಕೇಳಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು 4 ತಿಂಗಳು ಕಳೆದವು. ಆ ದಿವಸಗಳಲ್ಲಿ ಅವನು ಅತ್ತನು, ಉಪವಾಸ ಮಾಡಿದನು, ದೇವರನ್ನು ಬೇಡಿಕೊಂಡನು. ಅದರೊಂದಿಗೆ ತನಗೆ ಬೇಕಾದದ್ದನ್ನು ಲೆಕ್ಕವನ್ನೂ ಹಾಕಿರಬೇಕೆಂದು ನಾನು ನೆನಸುತ್ತೇನೆ. ಯಾಕಂದರೆ, ನಿನಗೇನು ಬೇಕೆಂದು ಅರಸನು ಕೇಳಿದಾಗ ಅವನು ಮನಸ್ಸಿನೊಳಗೆ ಕ್ಷಣಕಾಲ ಪ್ರಾರ್ಥಿಸಿ, ಒಂದೊಂದಾಗಿ ಹೇಳಿಬಿಟ್ಟನು. ತನ್ನನ್ನು ಯೆಹೂದಕ್ಕೆ ಕಳುಹಿಸಬೇಕು. ಇಷ್ಟು ಕಾಲದೊಳಗೆ ತಿರಿಗಿ ಬರುವೆನು. ಹೊಳೆಯಾಚೆಯ ಅಧಿಪತಿಗಳಿಗೆ ಪತ್ರಗಳು ಬೇಕು. ಅರಸನ ವನವನ್ನು ಕಾಯುವ ಆಸಾಫನಿಗೂ ಒಂದು ಪತ್ರ ಬೇಕು, ಬಾಗಲುಗಳ ತೊಲೆಗಳಿಗೆ ಮರ ಕೊಡುವಂತೆ. ವನಪಾಲಕನ ಹೆಸರು ಸಹಾ ಅವನಿಗೆ ತಿಳಿದಿತ್ತು!

ಇನ್ನೊಂದನ್ನು ಗಮನಿಸಿರಿ. ತನ್ನ ದುಃಖದ ಕಾರಣವನ್ನು ತಿಳಿಸುವಾಗ ಅವನು ಯೆರೂಸಲೇಮೆಂಬ ಹೆಸರನ್ನು ಎತ್ತಲಿಲ್ಲ. ಎಜ್ರನ 4ನೇ ಅಧ್ಯಾಯವನ್ನು ಓದಿದವರಿಗೆ, ಆ ಪಟ್ಟಣದ ಮೇಲೆ ಅರಸನ ಬಳಿಗೆ ದೂರು ಹೋಗಿ ಕಟ್ಟುವ ಕೆಲಸವು ನಿಂತಿದ್ದ ಸಂಗತಿ ನೆನಪಿರುವದು. ನೆಹೆಮೀಯನು ಅದನ್ನು ತನ್ನ ಪಿತೃಗಳ ಸಮಾಧಿಗಳಿರುವ ಪಟ್ಟಣವೆಂದು ಮಾತ್ರ ಹೇಳಿದನು. ಅದು ಸುಳ್ಳಲ್ಲ, ಮುಖಸ್ತುತಿಯೂ ಅಲ್ಲ. ತಂದೆತಾತಂದಿರ ಸಮಾಧಿ ಹಾಳಾದರೆ ಆಗುವ ನೋವು ಅರಸನಿಗೂ ಆಳಿಗೂ ಒಂದೇ. ಕೇಳುವವನ ಎದೆಗೆ ಯಾವ ದಾರಿಯಿಂದ ಹೋಗಬೇಕೆಂಬದನ್ನು ಅವನು ಯೋಚಿಸಿದ್ದನು.

ಇಲ್ಲಿ ನನ್ನ ಸ್ವಂತ ತಪ್ಪೊಂದನ್ನು ಅರಿಕೆಮಾಡಬೇಕು. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಬ್ಬ ವಿಧವೆಯು, ತೀರಿಹೋದ ಗಂಡನ ಹೆಸರಿನಲ್ಲಿದ್ದ ಹೊಲಕ್ಕೆ ಪೌತಿ ಖಾತೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಅಲೆಯುತ್ತಿದ್ದಳು. ಮೈದುನನು ಆ ಹೊಲದ ಮೇಲೆ ಕಣ್ಣಿಟ್ಟಿದ್ದನು. ಎರಡು ಮಕ್ಕಳ ಅನ್ನ ಅದರಲ್ಲಿಯೇ ಇತ್ತು. ನಾನು ಓದಿದವನು, ಪ್ರಸಂಗ ಮಾಡಿ ಅಭ್ಯಾಸವುಳ್ಳವನು. ಆದಕಾರಣ ಅವಳ ಪರವಾಗಿ ಮಾತಾಡಲು ಜೊತೆಯಲ್ಲಿ ಹೋದೆನು. ಅಧಿಕಾರಿಯ ಮೇಜಿನ ಮುಂದೆ ನಿಂತು ಮೊದಲು ಅವರ ಉಪಕಾರಬುದ್ಧಿಯನ್ನು ಹೊಗಳಿದೆನು. ತರುವಾಯ ವಿಧವೆಯರ ಕಷ್ಟವನ್ನು ವರ್ಣಿಸಿದೆನು. ಸಮಾಜದ ಅನ್ಯಾಯದ ಕುರಿತಾಗಿಯೂ ಏನೋ ಹೇಳಿದೆನು. ನನ್ನ ಹಿಂದೆ ಇಪ್ಪತ್ತು ಜನರು ಕಾದಿದ್ದರು. ವಿಷಯವೇನು ಎಂದು ಅವರು ಎರಡು ಸಾರಿ ಕೇಳಿದರು. ನಾನು ವಿಷಯಕ್ಕೆ ಬರುವದರೊಳಗೆ ಅವರು ಮುಂದಿನ ವಾರ ಬನ್ನಿರೆಂದು ಹೇಳಿ ಬೇರೆಯವರ ಕಾಗದವನ್ನು ತಕ್ಕೊಂಡರು.

ಬಸ್ಸು ನಿಲ್ಲುವ ಜಾಗದ ಬೇವಿನಮರದ ಕೆಳಗೆ ಕೂತಿದ್ದಾಗ ಆ ತಾಯಿ ಮೆಲ್ಲಗೆ, “ಅಯ್ಯನವರೇ, ತಪ್ಪು ತಿಳಕೋಬೇಡಿರಿ. ನನ್ನ ಹೊಲದ ಮಾತೇ ಬರಲಿಲ್ಲವಲ್ಲ” ಅಂದಳು. ನಾನು ನಾಚಿಕೆಯಿಂದ ಉತ್ತರ ಕೊಡಲಾರದೆ ಹೋದೆನು.

ಮುಂದಿನ ವಾರ ಅವಳೇ ಮಾತಾಡುವದೆಂದು ನಿಶ್ಚಯಿಸಿದೆವು. ಹಿಂದಿನ ಸಾಯಂಕಾಲ ನಮ್ಮ ಮನೆಯ ಜಗಲಿಯಲ್ಲಿ, ನನ್ನ ಹೆಂಡತಿಯನ್ನು ಅಧಿಕಾರಿಯ ಹಾಗೆ ಕುರ್ಚಿಯಲ್ಲಿ ಕೂಡ್ರಿಸಿ, ಅವಳು ಐದಾರು ಸಾರಿ ಹೇಳಿ ನೋಡಿದಳು. ಮೊದಲನೇ ಸಾರಿ ಅಳು ಬಂತು. ಮೂರನೆಯದರಲ್ಲಿ ಇಬ್ಬರಿಗೂ ನಗು ಬಂತು. ಮಾರನೇ ದಿನ ಕಚೇರಿಯಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ನಡುಗುವ ಸ್ವರದಿಂದಲೇ ಹೇಳಿದಳು: “ಸ್ವಾಮಿ, ನನ್ನ ಯಜಮಾನರು ತೀರಿಕೊಂಡ ಪತ್ರ ಇದು. ವಂಶವೃಕ್ಷ ಇದು, ಪಹಣಿ ಇದು. ಅರ್ಜಿ ಕೊಟ್ಟ ರಸೀದಿ ಇದು. ಈಗ ನನ್ನ ಕಾಗದ ಯಾರ ಮೇಜಿನ ಮೇಲೆ ಅದೆ, ಅದೊಂದನ್ನು ತಿಳಿಸಬೇಕು.” ಇಷ್ಟು ಹೇಳಿ ಸುಮ್ಮನೆ ನಿಂತಳು. ಅಧಿಕಾರಿ ರಸೀದಿಯನ್ನು ನೋಡಿ ಕಡತವನ್ನು ತರಿಸಿದರು. ಕೆಲಸ ಅಂದೇ ಮುಗಿಯಲಿಲ್ಲ; ಇನ್ನೂ ಎರಡು ತಿಂಗಳು ಹಿಡಿಯಿತು. ಆದರೂ ಖಾತೆ ಆಯಿತು.

ನಾಲಿಗೆ ಮಂದವಾಗಿದ್ದರೆ ಏನು ಮಾಡುವದೆಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಮೋಶೆಯೂ ಅದನ್ನೇ ಹೇಳಿಕೊಂಡನು (ವಿಮೋಚನಕಾಂಡ 4). ದೇವರು ಅವನಿಗೆ ವಾಕ್ಚಾತುರ್ಯವುಳ್ಳ ಆರೋನನನ್ನು ಜೊತೆಗೊಟ್ಟನು, ನಿಜ. ಆದರೆ 32ನೇ ಅಧ್ಯಾಯದಲ್ಲಿ ಜನರ ಕೂಗಿಗೆ ಮಣಿದು ಬಂಗಾರದ ಕರುವನ್ನು ಮಾಡಿಕೊಟ್ಟವನು ಆ ಮಾತುಗಾರನಾದ ಆರೋನನೇ. ಬೆಟ್ಟದಿಂದ ಇಳಿದು ಬಂದು ಎದುರು ನಿಂತವನು ತೊದಲುವ ಮೋಶೆ. ಸರಾಗವಾದ ನಾಲಿಗೆಯ ಮೇಲೆ ನನಗೆ ಅಂದಿನಿಂದ ಅಷ್ಟು ನಂಬಿಕೆಯಿಲ್ಲ, ನನ್ನದರ ಮೇಲಂತೂ ಇಲ್ಲವೇ ಇಲ್ಲ.

ಮತ್ತೆ ಕೆಲವರು ತಮಗೆ ದೊಡ್ಡ ದೊಡ್ಡ ಶಬ್ದಗಳು ಬಾರವೆಂದು ಹಿಂಜರಿಯುತ್ತಾರೆ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಈ ದೇಶಕ್ಕೆ ಬಂದ ಕಿಟ್ಟೆಲ್ ಅಯ್ಯನವರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳನ್ನು ಕೂಡಿಸಿದರು. ಅದರಲ್ಲಿ ಹಳೇ ಕಾವ್ಯಗಳ ಮಾತುಗಳೊಂದಿಗೆ ಜನರ ಬಾಯಿಯ ಗಾದೆಗಳೂ ದಿನಬಳಕೆಯ ನುಡಿಗಳೂ ಸ್ಥಾನ ಪಡೆದಿವೆ. ಪರದೇಶದವರು ಅಷ್ಟು ಪ್ರಯಾಸಪಟ್ಟು ಕೂಡಿಸಿದ ಮಾತುಗಳನ್ನು, ಹುಟ್ಟಿನಿಂದಲೇ ಪಡೆದ ನಾವು ಎದ್ದು ನಿಂತ ಕೂಡಲೇ ಬಿಸಾಡಿ, ನಮಗೇ ತಿಳಿಯದ ಶಬ್ದಗಳಿಗಾಗಿ ತಡಕಾಡುವದು ಯಾಕೆ? ಕೊಂಚ ನಿಧಾನವಾಗಿ, ಕೊನೇ ಸಾಲಿನ ಅಜ್ಜಿಗೆ ಕೇಳುವಷ್ಟು ಗಟ್ಟಿಯಾಗಿ ನಿಮ್ಮ ಮನೆಮಾತಿನಲ್ಲಿಯೇ ಹೇಳಿರಿ. ಮುಗಿದಾಗ ಕೂತುಕೊಳ್ಳಿರಿ. ಉಪದೇಶಿಗಳಾದ ನಮಗೆ ಈ ಕಡೇದು ಎಲ್ಲದಕ್ಕಿಂತ ಕಷ್ಟ.

ನೆಹೆಮೀಯನು ಯೆರೂಸಲೇಮಿಗೆ ಬಂದ ಮೇಲೂ ಕೂಡಲೇ ಪ್ರಸಂಗಕ್ಕೆ ನಿಲ್ಲಲಿಲ್ಲ. ಮೂರು ದಿವಸಗಳಾದ ತರುವಾಯ ರಾತ್ರಿಯಲ್ಲಿ ಎದ್ದು, ಕೆಲವೇ ಜನರೊಂದಿಗೆ, ಬಿದ್ದ ಗೋಡೆಯನ್ನೂ ಸುಟ್ಟ ಬಾಗಲುಗಳನ್ನೂ ಕಣ್ಣಾರೆ ನೋಡಿದನು. ಅನಂತರವೇ ಜನರೊಂದಿಗೆ ಮಾತಾಡಿದನು. ಆಗಲೂ ನಿಮ್ಮ ದುರವಸ್ಥೆ ಎನ್ನದೆ, ನಮ್ಮ ದುರವಸ್ಥೆ ಎಂದು ತನ್ನನ್ನೂ ಅವರೊಂದಿಗೆ ಕೂಡಿಸಿಕೊಂಡನು. ಕೇಳಿದವರು ಕಟ್ಟುವ ಕೆಲಸಕ್ಕೆ ಕೈಹಾಕಿದರು.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಪ್ರತಿಯೊಬ್ಬರಿಗೂ ಗ್ರಾಮಸಭೆಯಲ್ಲಿ ಸ್ಥಾನವುಂಟು. ಹೋದ ಸಾರಿಯ ಸಭೆಯಲ್ಲಿ ಚರಂಡಿಯ ಮಾತು ಬಂದಾಗ ನಮ್ಮ ಗಂಡಸರು ಎಂದಿನಂತೆ ಗೋಡೆಗೆ ಒರಗಿದ್ದರು. ಹೆಂಗಸರ ನಡುವಿನಿಂದ ಆ ವಿಧವೆಯು ಎದ್ದು, ನಮ್ಮ ಕೇರಿಯ ಚರಂಡಿ ಎಲ್ಲಿಂದ ಎಲ್ಲಿಯ ವರೆಗೆ ಒಡೆದದೆ, ಯಾವ ಯಾವ ಮನೆಗೆ ನೀರು ನುಗ್ಗುತ್ತದೆ ಎಂದು ನಾಲ್ಕು ಮಾತು ಹೇಳಿದಳು. ಅದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಂಡರು. ಸೆರಗಿನ ತುದಿಯು ಆಗಲೂ ಅವಳ ಬೆರಳಿಗೆ ಸುತ್ತಿಕೊಂಡೇ ಇತ್ತು.