ಕಡ ತಂದ ಬೀಜ, ಕದ್ದ ವಿಂಡೋಸ್

ಕುಷ್ಟಗಿಯಲ್ಲಿ ನಾನು ಕೆಲವು ವರ್ಷ ಡಿಟಿಪಿ ಅಂಗಡಿ ನಡೆಸಿದವನು. ಮದುವೆ ಕಾರ್ಡು, ಅರ್ಜಿ, ಜಾತ್ರೆಯ ಹ್ಯಾಂಡ್‌ಬಿಲ್ಲು. ಎರಡು ಕಂಪ್ಯೂಟರು, ಎರಡರಲ್ಲೂ ವಿಂಡೋಸ್, ಎರಡೂ ಕದ್ದವು. ಹಾಗಂತ ಯಾರೂ ಅಂದಿರಲಿಲ್ಲ. ಗಂಗಾವತಿಯಿಂದ ಬರ್ತಿದ್ದ ರಿಪೇರಿ ಹುಡುಗ ಸಿಡಿ ಹಾಕಿ, ರೊಕ್ಕ ಇಸ್ಕೊಂಡು, "ಎಲ್ಲಾ ಲೋಡ್ ಮಾಡೀನ್ರಿ" ಅಂತ ಹೋಗಿಬಿಡ್ತಿದ್ದ.

ಒಂದು ದಿನ ಟೈಪಿಂಗ್ ಕಲಿಯಲು ಬರುತ್ತಿದ್ದ ಯಲಬುರ್ಗಾ ಕಡೆಯ ಹುಡುಗಿ ಪರದೆಯ ಮೂಲೆಯ ಎಚ್ಚರಿಕೆ ಓದಿ ಕೇಳಿದಳು: "ಸರ್, ಇದು ಅಸಲಿ ಅಲ್ಲ ಅಂತ ಬರಾಕತ್ತೈತಲ್ರಿ, ಹಂಗಂದ್ರ ಏನ್ರಿ?"

"ಏನಿಲ್ಲವ್ವ, ಕ್ಲೋಸ್ ಮಾಡು" ಅಂದೆ. ಮಾಡಿದಳು. ಟೈಪಿಂಗ್ ಜೊತೆಗೆ ಅವತ್ತು ಇನ್ನೊಂದನ್ನೂ ಕಲಿಸಿದೆ ಅಂತ ನನಗೆ ರಾತ್ರಿ ಹೊಳೆಯಿತು.

ನಮ್ಮ ಸಮಜಾಯಿಷಿ ಎಲ್ಲರಿಗೂ ಗೊತ್ತು: ಅಷ್ಟು ದೊಡ್ಡ ಕಂಪನಿಗೆ ನಮ್ಮಿಂದ ಏನು ಲುಕ್ಸಾನು? ಆದರೆ ಕದ್ದವನೂ ಅದನ್ನೇ ಕಲಿತ, ಅದನ್ನೇ ನಾಕು ಮಂದಿಗೆ ಕಲಿಸಿದ. ಕಂಪ್ಯೂಟರ್ ಅಂದ್ರೆ ವಿಂಡೋಸ್ ಅನ್ನುವಂತಾಯಿತು. ಏಕಸ್ವಾಮ್ಯವನ್ನು ಬೈಯುತ್ತಲೇ ನಾವು ಅದಕ್ಕೆ ಪುಕ್ಕಟೆ ದುಡಿದೆವು.

ನಮ್ಮ ಸೀಮೆಯವರಿಗೆ ಬೀಜದ ಮಾತು ಬೇಗ ತಿಳಿಯುತ್ತದೆ. ಹೈಬ್ರಿಡ್ ಬೀಜದ ಬೆಳೆಯಿಂದ ಬೀಜ ಎತ್ತಿಟ್ಟು ಬಿತ್ತಿದರೆ ಮರುವರ್ಷ ಬೆಳೆ ಒಂದೇ ಸಮ ಬರಲ್ಲ. ವರ್ಷವೂ ಅಂಗಡಿಗೆ ಹೋಗಬೇಕು. ಜವಾರಿ ಜೋಳವನ್ನು ಮಾತ್ರ ಪಕ್ಕದ ಮನೆಯಿಂದ ಕಡ ತಂದು ಬಿತ್ತಿ, ಸುಗ್ಗಿಯಲ್ಲಿ ತಿರುಗಿ ಕೊಡಬಹುದು. ಬೀಜ ಉಳಿಸಿ ಹಂಚಿಕೊಳ್ಳುವ ರೈತನ ಹಕ್ಕನ್ನು 2001ರ ಕಾಯ್ದೆಯೂ ಒಪ್ಪಿದೆ.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆ ಘೋಷಿಸಿದ್ದು ಇಂಥದೇ ನ್ಯಾಯದ ಮೇಲೆ. 1991ರಲ್ಲಿ ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಕೂಡಿತು. ಅದರ ಜಿಪಿಎಲ್ ಪರವಾನಗಿ ಹೇಳುವುದಿಷ್ಟು: ಬಳಸು, ಬಿಚ್ಚಿ ನೋಡು, ತಿದ್ದು, ಹಂಚು, ಹಂಚುವಾಗ ನಿನಗೆ ಸಿಕ್ಕ ಹಕ್ಕನ್ನು ಮುಂದಿನವನಿಗೂ ಕೊಡು. ಕಡ ತಂದ ಬೀಜಕ್ಕೂ ಇದೇ ರಿವಾಜು. ಒಂದೇ ವ್ಯತ್ಯಾಸ, ಬೀಜ ಕೊಟ್ಟರೆ ಕೊಟ್ಟವನ ಚೀಲ ಖಾಲಿಯಾಗುತ್ತದೆ, ಇದು ಆಗಲ್ಲ.

ಹಂಗಂತ ಸಲೀಸಾಗಿತ್ತು ಅನ್ನಲಾರೆ. ಒಂದು ಕಂಪ್ಯೂಟರಿಗೆ ಉಬುಂಟು ಹಾಕಿದೆ. ಪೇಜ್‌ಮೇಕರ್ ಓಡಲಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫೈಲುಗಳು ಅಡ್ಡಾದಿಡ್ಡಿ ಅಕ್ಷರ ತೋರಿಸಿದವು. ಗಿರಾಕಿ ಎದ್ದು ಪಕ್ಕದ ಅಂಗಡಿಗೆ ಹೋದ. ಸ್ವಾತಂತ್ರ್ಯ ಬಿಟ್ಟಿ ಅಲ್ಲ, ಅದರ ಬೆಲೆ ದುಡಿಮೆಯಲ್ಲಿ ಕೊಡಬೇಕು. ಕೊನೆಗೆ ಇನ್ನೊಂದಕ್ಕೆ ರೊಕ್ಕ ಕೊಟ್ಟು ಅಸಲಿ ವಿಂಡೋಸ್ ಕೊಂಡೆ. ಪೇಜ್‌ಮೇಕರ್ ಮಾತ್ರ ಕದ್ದದ್ದೇ ಉಳಿಯಿತು; ಅದರ ಬೆಲೆ ನನ್ನ ಕೈಗೆ ಎಟುಕಲಿಲ್ಲ. ಇದನ್ನು ಮುಚ್ಚಿಟ್ಟರೆ ಈ ಬರಹವೂ ನಕಲಿಯಾದೀತು.

ಒಂದು ಅಂಗಡಿಯಿಂದ ಆಗದ್ದು ಶಾಲೆಯಿಂದ ಆಗುತ್ತದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ಮಾಡುತ್ತಿವೆ. ಕಾಸರಗೋಡಿನ ಕನ್ನಡ ಮಕ್ಕಳೂ ಅದರಲ್ಲೇ ಕಲಿತಿದ್ದಾರೆ. ಅಲ್ಲಿ ಆದದ್ದು ಕೊಪ್ಪಳದಲ್ಲಿ ಯಾಕಾಗಬಾರದು?

ಆಮೇಲೆ ಟೈಪಿಂಗ್‌ಗೆ ಬಂದ ಮಕ್ಕಳನ್ನೆಲ್ಲ ಉಬುಂಟು ಮುಂದೆಯೇ ಕೂರಿಸಿದೆ. ಪ್ರಶ್ನೆ ಕೇಳಿದ ಆ ಹುಡುಗಿ ಅಷ್ಟರಲ್ಲಿ ಕಲಿತು ಹೋಗಿದ್ದಳು. ಅವಳಿಗೆ ಕೊಡಬೇಕಿದ್ದ ಉತ್ತರ ಇನ್ನೂ ನನ್ನ ಮೇಲೆ ಕಡವಾಗಿಯೇ ಉಳಿದಿದೆ.