ಖಂತಿ: ಚಳಿಯನ್ನು ತಾಳುವುದು ಬೇರೆ, ತುಳಿತವನ್ನು ತಾಳುವುದು ಬೇರೆ

 

ಬಂಧುಗಳೇ, ಖಂತಿ ಪಾರಮಿ ಎಂದ ಕೂಡಲೇ ನನಗೆ ಒಂದು ಗಿಡ ನೆನಪಾಗುತ್ತದೆ. ಮಾಸ್ ಕ್ಯಾಂಪಿಯನ್ ಎನ್ನುತ್ತಾರೆ, ನಮ್ಮ ಕಡೆಯದಲ್ಲ. ಯುರೋಪಿನ ಆಲ್ಪ್ಸ್, ಅಮೆರಿಕದ ರಾಕಿ ಪರ್ವತಗಳಲ್ಲಿ, ಮರಗಳೂ ಬೆಳೆಯಲಾರದ ಎತ್ತರದ ಕಲ್ಲುನೆಲದಲ್ಲಿ ಇರುತ್ತದೆ. ನೆಲಕ್ಕಂಟಿದ ಹಸಿರು ದಿಂಬಿನ ಹಾಗೆ. ಎತ್ತರ ಕೆಲವೇ ಸೆಂಟಿಮೀಟರ್. ಬೇಸಿಗೆ ಬಂದರೆ ಮೈತುಂಬ ಗುಲಾಬಿ ಬಣ್ಣದ ಪುಟ್ಟ ಹೂ. ಬೆಳವಣಿಗೆ ಬಲು ನಿಧಾನ, ಆದರೆ ಕೆಲವು ಗಿಡಗಳ ವಯಸ್ಸು ನೂರು ವರ್ಷವನ್ನೂ ದಾಟುತ್ತದೆ.

ಇಂಥ ಗಿಡ ತೋರಿಸಿ ಸಹನೆಯ ಪಾಠ ಹೇಳುವುದು ಸುಲಭ. ತಾಳಿದವನು ಬಾಳಿಯಾನು! ಈ ಗಾದೆಯನ್ನು ಯಾರು ಯಾರಿಗೆ ಹೇಳಿದರು ಎಂಬುದನ್ನೂ ನೋಡಬೇಕು. ಬಾವಿಯ ನೀರು ಮುಟ್ಟಗೊಡದವರೂ ನಮ್ಮ ಹಿರಿಯರಿಗೆ ಇದನ್ನೇ ಹೇಳಿದ್ದು.

ಗಿಡ ಮಾತ್ರ ಸುಮ್ಮನೆ ತಾಳಿಕೊಂಡು ಕೂತಿಲ್ಲ. ಎಲೆಗಳನ್ನು ಒತ್ತೊತ್ತಾಗಿ ಹೆಣೆದು ಗಾಳಿಯನ್ನು ತಡೆಯುತ್ತದೆ. ಬಿಸಿಲಿದ್ದಾಗ ದಿಂಬಿನ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ. ತಾಯಿಬೇರು ಕಲ್ಲಿನ ಸಂದಿಯಲ್ಲಿ ಆಳಕ್ಕಿಳಿಯುತ್ತದೆ. ಗಾಳಿ ತಂದ ಧೂಳು, ತನ್ನದೇ ಒಣಗಿದ ಎಲೆ ಎರಡೂ ಅಲ್ಲೇ ಸೇರಿ ಮಣ್ಣಾಗಿ, ಬೇರೆ ಗಿಡದ ಬೀಜವೂ ಅದರ ಮಡಿಲಲ್ಲಿ ಮೊಳೆಯುತ್ತದೆ. ಬರೀ ಕಲ್ಲಿನ ಮೇಲೆ ಬಿದ್ದಿದ್ದರೆ ಆ ಬೀಜ ಉಳಿಯುವುದು ಕಷ್ಟವಿತ್ತು.

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಖಂತಿಯನ್ನು ದ್ವೇಷಕ್ಕೆ ದ್ವೇಷ ಹಿಂತಿರುಗಿಸದಿರುವುದು ಎಂದು ವಿವರಿಸುತ್ತಾರೆ. ಅನ್ಯಾಯಕ್ಕೆ ತಲೆಬಾಗುವುದು ಅದರಲ್ಲಿ ಎಲ್ಲಿದೆ? 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದ ನಮ್ಮವರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಬೇಡಿ ಎಂದರು ಬಾಬಾಸಾಹೇಬರು. ಆದರೆ ಕೆರೆಯ ಹಕ್ಕನ್ನು ಬಿಟ್ಟುಕೊಡಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಅದೇ ಮಹಾಡ್‌ನಲ್ಲಿ ಜನ ಸೇರಿದರು. ಕೋರ್ಟಿನ ವ್ಯಾಜ್ಯ ವರ್ಷಗಟ್ಟಲೆ ನಡೆದು, 1937ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪು ನಮ್ಮವರ ಪರ ಬಂತು. ಹತ್ತು ವರ್ಷ ದ್ವೇಷವಿಲ್ಲದೆ, ಹಿಂಜರಿಯದೆ ನಿಂತದ್ದು. ನನ್ನ ಮಟ್ಟಿಗೆ ಖಂತಿ ಅಂದರೆ ಅದು.

ಗಿಡಕ್ಕೂ ನಮಗೂ ಒಂದು ವ್ಯತ್ಯಾಸವಿದೆ. ಚಳಿಗೆ ಯಾರ ಮೇಲೂ ಹಗೆಯಿಲ್ಲ, ಹಿಮವನ್ನು ಯಾರೂ ಕಾನೂನು ಮಾಡಿ ಸುರಿಸಿಲ್ಲ. ಜಾತಿ ಹವಾಮಾನವಲ್ಲ, ಮನುಷ್ಯರು ಮಾಡಿದ್ದು, ಮನುಷ್ಯರೇ ತೆಗೆಯಬೇಕು. ಅಷ್ಟು ಚಳಿ ತಡೆಯುವ ಈ ಗಿಡವೂ ಬೂಟಿನ ತುಳಿತ ತಡೆಯುವುದಿಲ್ಲ. ಒಮ್ಮೆ ಹಾಳಾದ ಜಾಗ ತುಂಬಿಕೊಳ್ಳಲು ವರ್ಷಗಳೇ ಬೇಕು. ಅದಕ್ಕೇ ಆ ಬೆಟ್ಟಗಳಿಗೆ ಬರುವವರಿಗೆ ಕಾಲುದಾರಿ ಬಿಟ್ಟು ನಡೆಯಬೇಡಿ ಎಂದು ಹೇಳುತ್ತಾರೆ. ತಾಳಿಕೋ ಎಂದು ಗಿಡಕ್ಕೆ ಯಾರೂ ಹೇಳುವುದಿಲ್ಲ.

ನಾಳೆ: ಸಚ್ಚ ಪಾರಮಿ.